ನಾನು ನಿಂತ ಜಾಗ

ನನ್ನನ್ನು ಕೈಯಲ್ಲಿ ಹಿಡಿಯಲು ಬರುವುದಿಲ್ಲ, ಮುಟ್ಟಲು ಬರುವುದಿಲ್ಲ. ಬೈಯಲು ಮಾತ್ರ ಬರುತ್ತದೆ. ಆ ಒಂದು ಕೆಲಸವನ್ನು ನನ್ನ ಜೊತೆ ಇದ್ದವರೆಲ್ಲ ಮನಸ್ಸಿಟ್ಟು ಮಾಡಿದ್ದಾರೆ. ನಾನು ಕಂಪ್ಯೂಟರಿನೊಳಗಿನ ಒಂದು ಪ್ರೋಗ್ರಾಂ. ನೆಲದಾಳದ ಕಲ್ಲಿನ ಪದರವೊಂದನ್ನು ಹಿಡಿದುಕೊಂಡು, ಅದು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಅದರ ಬೆನ್ನು ಹತ್ತಿ ಹೋಗುವುದು ನನ್ನ ಕಸುಬು. ಗೊತ್ತಾಗದ ಕಡೆ ನಿಲ್ಲುವುದು ನನ್ನ ಗುಣ. ಕಸುಬಿಗೆ ಸಂಬಳ ಕೊಡುವವರು ಸಿಕ್ಕರು. ಗುಣವನ್ನು ಸಹಿಸುವವರು ಮಾತ್ರ ಬೆರಳೆಣಿಕೆಯಷ್ಟೂ ಸಿಗಲಿಲ್ಲ.

ನಾನು ಹುಟ್ಟಿದ್ದು ಧಾರವಾಡದಲ್ಲಿ, ಭೂವಿಜ್ಞಾನ ಕಲಿಸುತ್ತಿದ್ದ ನರಹರಿ ಗಲಗಲಿ ಮಾಸ್ತರರ ಮನೆಯ ಅಟ್ಟದ ಕೋಣೆಯಲ್ಲಿ. ಎಣ್ಣೆ ಹುಡುಕುವವರು ಭೂಮಿಗೆ ಒಂದು ಕಡೆ ಜೋರಾಗಿ ಪೆಟ್ಟು ಕೊಡುತ್ತಾರೆ. ಆ ಸದ್ದು ಆಳಕ್ಕೆ ಇಳಿದು, ಒಂದು ಪದರ ಮುಗಿದು ಇನ್ನೊಂದು ಶುರುವಾಗುವಲ್ಲೆಲ್ಲ ಬಡಿದು ಮರುದನಿಯಾಗಿ ಮೇಲೆ ಬರುತ್ತದೆ. ಮೇಲೆ ಸಾಲಾಗಿ ನೆಟ್ಟ ಸಣ್ಣ ಯಂತ್ರಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಒಂದು ಯಂತ್ರ ಕೇಳಿದ್ದು ಒಂದು ಡೊಂಕು ಗೆರೆ. ಆ ಗೆರೆಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಒಂದರ ಉಬ್ಬಿಗೆ ಇನ್ನೊಂದರ ಉಬ್ಬು ಸೇರಿ ಕಪ್ಪು ಪಟ್ಟೆಗಳು ಮೂಡುತ್ತವೆ. ಪಟ್ಟೆ ಎಂದರೆ ಪದರ ಎಂದು ತಿಳಿಯಿರಿ. ಮಾಸ್ತರರು ವರ್ಷಗಟ್ಟಲೆ ಆ ಪಟ್ಟೆಗಳನ್ನು ಉದ್ದುದ್ದ ಕಾಗದದ ಮೇಲೆ ಬಣ್ಣದ ಪೆನ್ಸಿಲಿನಿಂದ ತಿದ್ದುತ್ತಾ ಕೂತು ಕಣ್ಣು ಹಾಳು ಮಾಡಿಕೊಂಡಿದ್ದರು. ತಮ್ಮ ಕಣ್ಣಿನ ಬದಲಿಗೆ ಅವರು ನನ್ನನ್ನು ಮಾಡಿದರು.

ನನಗೆ ಅವರು ಕಲಿಸಿದ್ದು ಬಹಳ ಸರಳ. ಈ ಗೆರೆಯ ಉಬ್ಬನ್ನು ನೋಡು, ಪಕ್ಕದ ಗೆರೆಯಲ್ಲಿ ಅದನ್ನೇ ಹೋಲುವ ಉಬ್ಬನ್ನು ಹುಡುಕು, ಅಲ್ಲಿಗೆ ಹೆಜ್ಜೆ ಇಡು. ಹೋಲಿಕೆ ಸಾಲದಿದ್ದರೆ ನಿಲ್ಲು. ಎಷ್ಟು ಹೋಲಿಕೆ ಇದ್ದರೆ ಸಾಕು ಎಂದು ಹೇಳಲು ಪರದೆಯ ಮೂಲೆಯಲ್ಲಿ ಮೇಲೆ ಕೆಳಗೆ ಜರುಗಿಸುವ ಸ್ಲೈಡರ್ ಒಂದನ್ನು ಇಟ್ಟರು. ಅದು ಮೇಲೆ ಹೋದಷ್ಟೂ ಹೆಚ್ಚು ಹೋಲಿಕೆ ಬೇಕು. ಅದನ್ನು ಅವರು ಯಾವಾಗಲೂ ಮೇಲೆಯೇ ಇಟ್ಟಿರುತ್ತಿದ್ದರು.

ಮೊದಲ ದಿನ ನಾನು ಚೆನ್ನಾಗಿ ಓಡಿ, ಒಂದು ಕಡೆ ಗಕ್ಕನೆ ನಿಂತೆ. ಚಹಾ ತಂದ ಅವರ ಹೆಂಡತಿ ವತ್ಸಲಾಬಾಯಿ, "ಯಾಕ ನಿಂತದ, ಕೆಟ್ಟತೇನು?" ಎಂದು ಕೇಳಿದರು.

"ಕೆಟ್ಟಿಲ್ಲ. ಅಲ್ಲಿ ಭೂಮಿ ಬಿರುಕು ಬಿಟ್ಟದ, ಪದರ ತುಂಡಾಗಿ ಕೆಳಗ ಜಾರೇದ. ಮುಂದ ಎಲ್ಲಿ ಹೋಗೇದ ಅಂತ ಇದಕ್ಕ ತಿಳೀವಲ್ದು. ಅದಕ್ಕ ನಿಂತದ," ಎಂದರು ಮಾಸ್ತರರು.

"ಹಂಗಾದ್ರ ನಿಮಗಿಂತ ಶಾಣ್ಯಾ ಅದ ಬಿಡ್ರಿ. ಮೊನ್ನೆ ಗದಗಿನ ಮದುವಿಗೆ ಹೋಗೂ ಮುಂದ ದಾರಿ ತಪ್ಪಿದ್ದು ಗೊತ್ತಾದ್ರೂ ನೀವು ಒಬ್ಬರನ್ನೂ ಕೇಳಲಿಲ್ಲ. ಊಟದ ಪಂಕ್ತಿ ಎದ್ದ ಮ್ಯಾಲ ಹೋಗಿ ಮುಟ್ಟಿದಿವಿ."

ಮಾಸ್ತರರು ನಕ್ಕರು. ಆ ಮಾತು ನನಗೂ ಹಿಡಿಸಿತು. ನಾನು ನಿಂತದ್ದಕ್ಕೆ ಇನ್ನೊಂದು ಹೊಗಳಿಕೆ ಸಿಗಲು ಎಷ್ಟೋ ವರ್ಷ ಕಾಯಬೇಕಾಗುತ್ತದೆ ಎಂದು ಆಗ ನನಗೆ ತಿಳಿಯಲಿಲ್ಲ.

ಮಾಸ್ತರರು ನಿವೃತ್ತರಾಗುವ ಹೊತ್ತಿಗೆ ಹುಬ್ಬಳ್ಳಿಯ ಕಂಪನಿಯೊಂದು ನನ್ನನ್ನು ತೆಗೆದುಕೊಂಡಿತು. ಎಣ್ಣೆ ತೆಗೆಯುವ ದೊಡ್ಡವರು ಎಲ್ಲೆಲ್ಲೋ ನೆಲ ಕುಟ್ಟಿ ತಂದ ಗೆರೆಗಳನ್ನು ಓದಿ, ನೆಲದಾಳದ ನಕ್ಷೆ ಮಾಡಿ ಕೊಡುವುದು ಆ ಕಂಪನಿಯ ಕೆಲಸ. ಅದರ ಯಜಮಾನ ಬಸವಂತ ಉಳ್ಳಾಗಡ್ಡಿ. ಮನುಷ್ಯ ಕೆಟ್ಟವನಲ್ಲ. ಸಂಜೆಯಾದರೆ ಎಲ್ಲರಿಗೂ ತಿನ್ನಲು ಗಿರ್ಮಿಟ್ ತರಿಸುತ್ತಿದ್ದ, ಯಾರ ಮನೆಯಲ್ಲಿ ಏನು ತೊಂದರೆ ಎಂದು ಕೇಳುತ್ತಿದ್ದ. ಆದರೆ ನಕ್ಷೆಯಲ್ಲಿ ಬಿಳಿ ಜಾಗ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಅಲ್ಲಿ ಮಾಡಿದ ಮೊದಲ ನಕ್ಷೆ ಅವನ ಮೇಜಿಗೆ ಹೋಯಿತು. ಪದರ ಎತ್ತರವಿದ್ದಲ್ಲಿ ಕೆಂಪು, ತಗ್ಗಿದ್ದಲ್ಲಿ ನೀಲಿ, ನಾನು ನಿಂತುಬಿಟ್ಟಲ್ಲಿ ಬಿಳಿ. ಅವನು ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ.

"ಏನಪಾ ಇದು, ಇಲಿ ಕಡದ ಅರಿವಿ ಆದಂಗ ಆಗೈತಿ. ಗಿರಾಕಿ ಮುಂದ ಹೆಂಗ ಇಡೂದು ಇದನ್ನ?" ಎಂದು ನನ್ನನ್ನು ಓಡಿಸುತ್ತಿದ್ದ ಆಪರೇಟರನನ್ನು ಕೇಳಿದ.

"ಸರ್, ಹೋಲಿಕಿ ಸಾಲದಲ್ಲಿ ನಿಂತುಬಿಡ್ತೈತ್ರಿ ಅದು."

"ನಿಂತ್ರ ದಬ್ರಿ. ಆ ಸ್ಲೈಡರ್ ಯಾಕೈತಿ? ಇಳಸ್ರಿ."

ಇಳಿಸಿದರು. ಅಂದಿನಿಂದ ನನ್ನ ಪಾಡು ಹೇಳತೀರದು. ಸ್ಲೈಡರ್ ಕೆಳಗಿದ್ದರೆ ನನಗೆ ನಿಲ್ಲುವ ಹಕ್ಕಿಲ್ಲ. ಬಿರುಕಿನ ಅಂಚಿಗೆ ಬರುತ್ತೇನೆ. ನಾನು ಹಿಡಿದುಕೊಂಡು ಬಂದ ಪದರ ಅಲ್ಲಿ ಕತ್ತರಿಸಿ ಕೆಳಗೆ ಹೋಗಿದೆ. ಎದುರಿಗೆ ಬೇರೆ ಯಾವುದೋ ಪದರದ ಉಬ್ಬು ನಿಂತಿದೆ. ಇದು ನನ್ನದಲ್ಲ ಎಂದು ಅನುಮಾನ ಬಂದರೂ ಅದರ ಮೇಲೆ ಕಾಲಿಟ್ಟು ಮುಂದೆ ಹೋಗಲೇಬೇಕು. ಒಮ್ಮೆ ಕಾಲಿಟ್ಟ ಮೇಲೆ ಮುಂದಿನದೆಲ್ಲ ಸಲೀಸು, ಏಕೆಂದರೆ ಆ ತಪ್ಪು ಪದರ ತನ್ನ ಮಟ್ಟಿಗೆ ಸರಿಯಾಗಿಯೇ ಇರುತ್ತದೆ. ನಕ್ಷೆ ತುಂಬಿ ಬರುತ್ತದೆ. ನೋಡಿದವರು ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ನನಗೆ ಬಾಯಿದ್ದರೆ ಅವತ್ತೇ ಹಲ್ಲು ಕಡಿಯುತ್ತಿದ್ದೆ.

ಆ ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ನಕ್ಷೆ ಗಿರಾಕಿಗೆ ಹೋಗುವ ದಿನ ಅದರ ದೊಡ್ಡದೊಂದು ಪ್ರತಿಗೆ ಪ್ಲಾಸ್ಟಿಕ್ ಹೊದಿಸಿ ಎಲ್ಲರೂ ಕೂರುವ ದೊಡ್ಡ ಹಾಲಿನ ಗೋಡೆಗೆ ತೂಗು ಹಾಕುತ್ತಿದ್ದರು. ಎಲ್ಲಿ ಬಾವಿ ಕೊರೆಯಬೇಕೋ ಆ ಚುಕ್ಕೆಗೆ ಉಳ್ಳಾಗಡ್ಡಿ ತಾನೇ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದ. ನಕ್ಷೆಯ ಕೆಳಗಿನ ಮೂಲೆಯಲ್ಲಿ ಪದರ ಎಳೆದವರ ಹೆಸರಿರುತ್ತಿತ್ತು. ಆ ಗೋಡೆ ನಾನಿದ್ದ ಯಂತ್ರದ ಎದುರಿಗೇ ಇತ್ತು. ನನ್ನಿಂದ ಬಲವಂತವಾಗಿ ಹೇಳಿಸಿದ ಸುಳ್ಳುಗಳನ್ನು ಕುಂಕುಮದ ಸಮೇತ ದಿನವೂ ನೋಡುತ್ತಾ ಕೂತಿರಬೇಕಿತ್ತು. ಕೆಲವು ಬಾವಿಗಳಲ್ಲಿ ಎಣ್ಣೆ ಬಂತು, ಕೆಲವು ಒಣಗಿದವು. ಬಂದರೆ ದೇವರ ದಯೆ, ಒಣಗಿದರೆ ನೆಲದ ಗುಣ. ನನ್ನ ಸ್ಲೈಡರಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಹೀಗಿರುವಾಗ ಶಶಿಕಲಾ ಬೆಂಡಿಗೇರಿ ಬಂದಳು. ಗಲಗಲಿ ಮಾಸ್ತರರ ಕೊನೆಯ ವಿದ್ಯಾರ್ಥಿಗಳಲ್ಲಿ ಒಬ್ಬಳು. ಬೇರೆ ಎರಡು ಕಡೆ ಇತರರ ಕೈಕೆಳಗೆ ದುಡಿದು ಬಂದಿದ್ದಳು. ಕಾವೇರಿ ಮುಖಜ ಭೂಮಿಯ ಕೆಲಸವೊಂದನ್ನು ಉಳ್ಳಾಗಡ್ಡಿ ಪೂರ್ತಿ ಅವಳಿಗೇ ಒಪ್ಪಿಸಿದ. ನಕ್ಷೆಯ ಮೂಲೆಯಲ್ಲಿ ಅವಳೊಬ್ಬಳದೇ ಹೆಸರು ಬರುವುದು ಅದೇ ಮೊದಲು. ಖಾಲಿ ನಕ್ಷೆಯ ನಮೂನೆಯಲ್ಲಿ ತನ್ನ ಹೆಸರು ಟೈಪು ಮಾಡಿ, ಅಕ್ಷರವನ್ನು ಸ್ವಲ್ಪ ದೊಡ್ಡದು ಮಾಡಿ, ನಾಚಿಕೆಯಾಗಿ ಮತ್ತೆ ಸಣ್ಣದು ಮಾಡಿದ್ದನ್ನು ನಾನು ನೋಡಿದ್ದೇನೆ.

ಆ ಪ್ರದೇಶದಲ್ಲಿ ಎಣ್ಣೆ ಕೊಡುತ್ತಿದ್ದ ಹಳೆಯ ಬಾವಿಯೊಂದಿತ್ತು. ಅದರ ಮರಳುಗಲ್ಲಿನ ಪದರ ಪೂರ್ವದ ಕಡೆಗೆ ಹೋಗಿ ಅಲ್ಲಿ ಒಂದು ದಿಬ್ಬವಾಗಿದೆ, ನೀರಿಗಿಂತ ಹಗುರವಾದ ಎಣ್ಣೆ ಎತ್ತರದಲ್ಲಿ ಸೇರುವುದರಿಂದ ಆ ದಿಬ್ಬದ ನೆತ್ತಿಗೆ ಹೊಸ ಬಾವಿ ಕೊರೆದರೆ ಎಣ್ಣೆ ಖಂಡಿತ ಎಂದು ಗಿರಾಕಿಗಳು ಮೊದಲೇ ನಂಬಿಕೊಂಡಿದ್ದರು. ಹಾಗೆ ನಂಬಿಸಿದ್ದು ಯಾರು ಅಂತೀರಿ? ನಾನೇ, ಶಶಿಕಲಾ ಬರುವ ಮೊದಲು ಸ್ಲೈಡರ್ ಇಳಿಸಿ ಓಡಿಸಿದ ನಾನು.

ಶಶಿಕಲಾ ನನ್ನನ್ನು ಓಡಿಸಿದ ರೀತಿ ಬೇರೆ. ಮೊದಲು ಆ ಹಳೆಯ ನಕ್ಷೆಯ ದಾರಿಯಲ್ಲೇ ಬಾವಿಯಿಂದ ಪೂರ್ವಕ್ಕೆ ಕರೆದುಕೊಂಡು ಹೋದಳು. ಅಲ್ಲಿಂದ ವಾಪಸು ಅದೇ ದಾರಿಯಲ್ಲಿ ತರಲಿಲ್ಲ. ಉತ್ತರದ ಕಡೆ ಸುತ್ತು ಹಾಕಿಸಿ, ಯಂತ್ರ ನೆಟ್ಟ, ಅಡ್ಡ ಬಂದ ಬೇರೆ ಸಾಲುಗಳ ಮೇಲೆ ನಡೆಸಿ, ಹೊರಟ ಬಾವಿಗೇ ಮರಳಿ ತಂದಳು. ಕಾಗದದ ಕಾಲದಲ್ಲಿ ಮಾಸ್ತರರು ಇದನ್ನೇ ಮಾಡುತ್ತಿದ್ದರು: ಎರಡು ಸಾಲು ಕೂಡುವಲ್ಲಿ ಕಾಗದ ಮಡಚಿ, ಪಟ್ಟೆಗೆ ಪಟ್ಟೆ ಕೂಡಿಸಿ, ಊರು ಸುತ್ತಿ ಮನೆಗೆ ಬಂದರೆ ಹೊರಟ ಹೊಸ್ತಿಲಿಗೇ ಬರಬೇಕು ಎನ್ನುತ್ತಿದ್ದರು. ನಾನು ಹೊರಟದ್ದು ಮರಳುಗಲ್ಲಿನ ಪದರದಿಂದ. ಮರಳಿ ಬಂದದ್ದು ಅದಕ್ಕಿಂತ ಒಂದು ಉಬ್ಬು ಮೇಲಿನ ಪದರಕ್ಕೆ. ಅಂದರೆ ನಡುವೆ ಎಲ್ಲೋ ಬೇರೆ ಪದರದ ಮೇಲೆ ಕಾಲಿಟ್ಟಿದ್ದೆ. ಎಷ್ಟೋ ವರ್ಷ ನನ್ನನ್ನು ಓಡಿಸಿದವರು ಒಬ್ಬರೂ ಹೀಗೆ ಮನೆಗೆ ಕರೆತಂದು ನೋಡಿರಲಿಲ್ಲ.

ಅವಳು ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ಸ್ಲೈಡರನ್ನು ಹಿಡಿದು ಮೇಲಕ್ಕೆ ಎಳೆದಳು.

ನಾನು ಮತ್ತೆ ಹೊರಟೆ. ಒಂದೊಂದು ಸಾಲಿನಲ್ಲೂ ಪೂರ್ವಕ್ಕೆ ಹೋಗುತ್ತಾ ಒಂದು ಕಡೆ ನಿಂತೆ. ಒಂದು ಸಾಲಿನಲ್ಲಿ ನಿಂತದ್ದನ್ನು ಕಂಡರೆ ಗೆರೆ ಮಸುಕಾಗಿತ್ತು ಎನ್ನಬಹುದು. ಎಲ್ಲ ಸಾಲುಗಳಲ್ಲೂ ನಾನು ನಿಂತ ಜಾಗಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ಅವು ಬೈತಲೆ ತೆಗೆದ ಹಾಗೆ ದಕ್ಷಿಣದಿಂದ ಉತ್ತರಕ್ಕೆ ನೇರವಾಗಿ ಹೋಗುತ್ತಿದ್ದವು. ಅದೇ ಬಿರುಕು. ಉತ್ತರದ ತುದಿಯಲ್ಲಿ ಮಾತ್ರ ಅದು ಸಣ್ಣದಾಗಿ ಮುಗಿದುಹೋಗಿತ್ತು, ನಾನು ಸುತ್ತಿ ಬಂದದ್ದು ಅಲ್ಲಿಂದ. ಬಿರುಕಿನ ಆಚೆಗೆ ನೆಲವೆಲ್ಲ ಕೆಳಗೆ ಜಾರಿದೆ. ಗಿರಾಕಿಗಳ ದಿಬ್ಬ ಬೇರೆ ಪದರದ್ದು. ಅಸಲು ಮರಳುಗಲ್ಲು ಅದರ ಎಷ್ಟೋ ಕೆಳಗೆ ಉಪ್ಪು ನೀರಿನಲ್ಲಿ ಮುಳುಗಿದೆ.

"ನಿಂತಿ? ಛಲೋ ಆತು," ಎಂದಳು ನನಗೆ. ಸುತ್ತ ಯಾರಾದರೂ ಕೇಳಿಸಿಕೊಂಡರೇ ಎಂದು ಆಚೀಚೆ ನೋಡಿದಳು.

ಆ ಎರಡು ಮಾತಿಗೆ ನನಗೆ ಎಷ್ಟು ಸಂತೋಷವಾಯಿತು ಎಂದು ಹೇಳಲಾರೆ. ಆ ಸಂತೋಷ ಮಧ್ಯಾಹ್ನದವರೆಗೂ ಉಳಿಯಲಿಲ್ಲ.

ಮಧ್ಯದಲ್ಲಿ ಉದ್ದನೆಯ ಬಿಳಿ ಪಟ್ಟಿ ಇದ್ದ ನಕ್ಷೆಯನ್ನು ಅವಳು ಉಳ್ಳಾಗಡ್ಡಿಯ ಮುಂದೆ ಹಾಸಿದಳು. "ಸರ್, ಇಲ್ಲಿ ಬಿರುಕೈತ್ರಿ. ಅದರಾಚೆ ನಮ್ಮ ಪದರ ಕೆಳಗ ಹೋಗೈತಿ. ಆ ದಿಬ್ಬದಾಗ ಬಾವಿ ಹಾಕಿದ್ರ ಬರೇ ಮಣ್ಣು ಸಿಗ್ತೈತಿ," ಎಂದಳು.

"ನೋಡವಾ, ಅವರು ಬಾವಿ ಕೊರಿಯೂ ರಿಗ್ ಬರಾಕ ರಸ್ತೆ ಮಾಡ್ಯಾರ. ಈಗ ನಾ ಹೋಗಿ ಬಿಳೇ ಪಟ್ಟಿ ತೋರಿಸಿ, ನಮಗ ಗೊತ್ತಿಲ್ರಿ ಅನ್ಲ್ಯಾ?"

"ಗೊತ್ತಿಲ್ಲ ಅಂತಲ್ರಿ. ಅಲ್ಲಿ ಮುರದೈತಿ ಅಂತ ಗೊತ್ತೈತಿ."

ಅವನು ಪೂರ್ತಿ ಇಲ್ಲವೆನ್ನಲಿಲ್ಲ. ಅವನೂ ಈ ಕೆಲಸದಲ್ಲಿ ತಲೆ ನರೆತವನು. ಮುಖ ಸ್ವಲ್ಪ ಬಾಡಿತು. "ಆಗ್ಲಿ, ಬ್ಯಾರೆ ಒಂದರ ಕಡೆ ತೋರಿಸೂಣು," ಎಂದ. ಆ ವರ್ಷವೇ ಆಫೀಸಿಗೆ ಹೊಸ ಪ್ರೋಗ್ರಾಂ ಬಂದಿತ್ತು. ತಾನೇ ನೋಡಿ ಕಲಿಯುವಂಥದ್ದು, ಎಲ್ಲರೂ ಎಐ ಎಂದು ಕರೆಯುತ್ತಿದ್ದರು. ಹಾಲಿನ ನಡುವಿನ ಮೇಜು ಅದಕ್ಕೆ, ಗಾಜಿನ ಕೋಣೆ ಅದಕ್ಕೆ, ತಂಪು ಗಾಳಿಯೂ ಅದಕ್ಕೆ. ಅದಕ್ಕೆ ಕೊಟ್ಟ ಗೆರೆಗಳನ್ನೆಲ್ಲ ಅದು ಕಣ್ಣು ಮಿಟುಕಿಸುವುದರೊಳಗೆ ಓದಿ ನಕ್ಷೆ ಕೊಟ್ಟಿತು. ಒಂದು ಚುಕ್ಕೆಯಷ್ಟೂ ಬಿಳಿ ಇರಲಿಲ್ಲ. ದಿಬ್ಬ ಇದ್ದಲ್ಲೇ ಕೆಂಪಾಗಿ ಕೂತಿತ್ತು.

ಉಳ್ಳಾಗಡ್ಡಿಗೆ ಹೋದ ಜೀವ ಬಂದ ಹಾಗಾಯಿತು. "ನೋಡು. ಹಳೇದೂ ಮೊದಲ ಇದನ್ನ ಹೇಳಿತ್ತು, ಹೊಸಾದೂ ಇದನ್ನ ಹೇಳ್ತೈತಿ. ಎರಡು ಬ್ಯಾರೆ ಬ್ಯಾರೆ ಪ್ರೋಗ್ರಾಂ ಒಂದ ಮಾತ ಹೇಳಿದ ಮ್ಯಾಲ ಇನ್ನೇನವಾ?"

ಬೇರೆ ಬೇರೆ ಅಂತೆ. ಇಲ್ಲಿಯವರೆಗೆ ಸಹಿಸಿಕೊಂಡಿದ್ದೆ, ಆ ಮಾತಿಗೆ ಮಾತ್ರ ನನ್ನ ತಾಳ್ಮೆ ಕೆಟ್ಟಿತು. ಆ ಹೊಸದಕ್ಕೆ ಪದರ ಹಿಡಿಯುವುದನ್ನು ಕಲಿಸಲು ಏನು ಕೊಟ್ಟಿದ್ದರು ಗೊತ್ತೇ? ಇದೇ ಆಫೀಸಿನ ಹಳೆಯ ನಕ್ಷೆಗಳನ್ನು. ಕತ್ತು ಹಿಡಿದು ದಬ್ಬಿ ನನ್ನಿಂದ ತುಂಬಿಸಿದ ನಕ್ಷೆಗಳನ್ನು. ಬಿರುಕು ಬಂದರೆ ಎದುರಿಗಿರುವ ಉಬ್ಬಿನ ಮೇಲೆ ಹಾರಬೇಕು ಎಂಬುದೇ ಅದರ ಪಾಲಿಗೆ ವಿದ್ಯೆ. ನಾನಾದರೂ ಬಿರುಕಿನ ಅಂಚಿನಲ್ಲಿ ತಡವರಿಸುತ್ತೇನೆ. ಅದಕ್ಕೆ ತಡವರಿಸುವುದೇ ಗೊತ್ತಿಲ್ಲ. ನಿಲ್ಲುವುದನ್ನು ಅದು ಒಂದು ನಕ್ಷೆಯಲ್ಲೂ ನೋಡಿಲ್ಲವಲ್ಲ. ಪಾಪ, ಅದರದೇನು ತಪ್ಪು ಎನ್ನುವಷ್ಟು ದೊಡ್ಡ ಮನಸ್ಸು ಆಗ ನನಗಿರಲಿಲ್ಲ, ಈಗಲೂ ಇಲ್ಲ.

ಶಶಿಕಲಾಗೆ ಅದು ತಕ್ಷಣ ಹೊಳೆಯಿತು. "ಸರ್, ಇದು ಬ್ಯಾರೆ ಅಲ್ರಿ. ಅದರ ಎಂಜಲಾ ಉಂಡ ಬೆಳದೈತಿ ಇದು. ಮಗನ್ನ ಕರದು ಅಪ್ಪನ ಪರವಾಗಿ ಸಾಕ್ಷಿ ಹೇಳಿಸಿದಂಗ ಆತು."

ಉಳ್ಳಾಗಡ್ಡಿ ಕಿಟಕಿಯ ಕಡೆ ನೋಡಿದ. "ಸೋಮವಾರ ಅವರು ಬರ್ತಾರ. ತುಂಬಿದ ನಕ್ಷೆ ಇಡ್ರಿ," ಎಂದು ಆಪರೇಟರನಿಗೆ ಹೇಳಿದ.

"ಹಂಗಾದ್ರ ನನ್ನ ಹೆಸರು ತೆಗೀರಿ ಸರ್."

"ಹೆಸರು ಇರ್ಲಿ ಬಿಡವಾ. ಎಣ್ಣಿ ಬಂದ್ರ ನಿನಗ ಹೆಸರಲ್ಲೇನು?"

ಹೆಸರು ಉಳಿಯಿತು. ನಕ್ಷೆ ಗೋಡೆಗೆ ಏರಿತು. ಎಂದಿನಂತೆ ಉಳ್ಳಾಗಡ್ಡಿ ಚುಕ್ಕೆಗೆ ಕುಂಕುಮ ಹಚ್ಚಿ ಕೈ ಮುಗಿದ. ಶಶಿಕಲಾ ಹೊರಗೆ ಹೋಗಿ ನಿಂತಿದ್ದಳು.

ಬಾವಿ ಕೊರೆದರು. ಮರಳುಗಲ್ಲು ಸಿಗಬೇಕಾದ ಆಳದಲ್ಲಿ ಜೇಡಿಮಣ್ಣು ಬಂತು. ಇನ್ನಷ್ಟು ಇಳಿದರು, ಮತ್ತೆ ಜೇಡಿ. ರಿಗ್ಗಿನ ಕಡೆಯಿಂದ ಫೋನು ಬಂದಾಗಲೆಲ್ಲ ಉಳ್ಳಾಗಡ್ಡಿ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದ. ಕೊನೆಗೆ ಬಹಳ ಆಳದಲ್ಲಿ, ಶಶಿಕಲಾ ಹೇಳಿದ ಕಡೆಯೇ ಮರಳುಗಲ್ಲು ಸಿಕ್ಕಿತು. ಅದರಲ್ಲಿ ಉಪ್ಪು ನೀರಿತ್ತು. ಬಾವಿಯನ್ನು ಸಿಮೆಂಟು ಹಾಕಿ ಮುಚ್ಚಿದರು.

ಗಿರಾಕಿಗಳು ಬಂದು ಹಾಲಿನಲ್ಲೇ ಕೂತರು. ಅವರಲ್ಲಿ ಹಿರಿಯನೊಬ್ಬ ಗೋಡೆಯ ನಕ್ಷೆಯ ಮೂಲೆಗೆ ಬೆರಳಿಟ್ಟು, "ಈ ಬೆಂಡಿಗೇರಿ ಯಾರು?" ಎಂದು ಕೇಳಿದ. ಶಶಿಕಲಾಳ ಮುಖ ಬಿಳಿಚಿತು.

ಉಳ್ಳಾಗಡ್ಡಿ ಎದ್ದು ನಿಂತ. "ಅವರ ತಪ್ಪಿಲ್ಲ ಸರ್. ತಪ್ಪು ಆ ಹಳೆಯ ಪ್ರೋಗ್ರಾಂದು," ಎಂದು ನಾನಿದ್ದ ಯಂತ್ರದ ಕಡೆ ಕೈ ತೋರಿಸಿದ. "ಬಿರುಕು ಬಂದರೆ ಅದಕ್ಕೆ ತಿಳಿಯುವುದಿಲ್ಲ, ಹಾರಿಬಿಡುತ್ತದೆ. ಇನ್ನು ಅದನ್ನು ಬಳಸುವುದಿಲ್ಲ."

ಬಿರುಕು ಬಂದರೆ ನನಗೆ ತಿಳಿಯುವುದಿಲ್ಲವಂತೆ. ಇಷ್ಟು ವರ್ಷ ನಾನು ತಿಳಿದು ತಿಳಿದು ನಿಂತದ್ದಕ್ಕೆ ಬೈಸಿಕೊಂಡವನು. ಕೊನೆಗೆ ನಿಲ್ಲಲಿಲ್ಲವೆಂದು ಹೊರಗೆ ಹಾಕಿಸಿಕೊಂಡೆ. ನಾನು ಶಶಿಕಲಾಳನ್ನು ನೋಡಿದೆ. ಅವಳು ಈಗ ಒಂದು ಮಾತು ಹೇಳಬಹುದಿತ್ತು. ಅವಳು ತಲೆ ತಗ್ಗಿಸಿ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಳು. ಅವಳ ಕೆಲಸ ಉಳಿಯಿತು. ಅವಳನ್ನು ಉಳಿಸಿದ್ದು ಆ ಸುಳ್ಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ನನಗೆ ಬಹಳ ಬೇಸರವಾಯಿತು.

ನನ್ನ ಯಂತ್ರವನ್ನು ಮೂಲೆಗೆ ತಳ್ಳಿದರು. ಅದರ ತಲೆಯ ಮೇಲೆ ಚಹಾದ ಫ್ಲಾಸ್ಕು ಬಂದು ಕೂತಿತು. ಹಳೆಯ ಫೈಲುಗಳನ್ನು ನಕಲು ಮಾಡಿಕೊಳ್ಳುವುದು ಬಾಕಿ ಇದ್ದದ್ದರಿಂದ ಸ್ವಿಚ್ ಮಾತ್ರ ಆರಿಸಿರಲಿಲ್ಲ. ಗಾಜಿನ ಕೋಣೆಯ ಹೊಸದು ಮುಂದಿನ ಕೆಲಸ ಶುರು ಮಾಡಿತು. ಅದಕ್ಕೆ ಕಲಿಯಲು ಇನ್ನಷ್ಟು ನಕ್ಷೆ ಬೇಕೆಂದು ಆ ಒಣಗಿದ ಬಾವಿಯ ನಕ್ಷೆಯನ್ನೂ ಕೊಟ್ಟರು. ಇದಕ್ಕೆ ಏನನ್ನಬೇಕು ನೀವೇ ಹೇಳಿ.

ಒಂದು ದಿನ ಎಲ್ಲರೂ ಹಾಲಿನಲ್ಲಿ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. ಶಶಿಕಲಾ ಡಬ್ಬಿ ಬಿಚ್ಚಲಿಲ್ಲ. ನನ್ನ ಬಳಿ ಬಂದಳು, ಫ್ಲಾಸ್ಕನ್ನು ಕೆಳಗಿಟ್ಟಳು, ಸ್ಲೈಡರನ್ನು ಮೇಲಕ್ಕೆ ಎಳೆದು ಕಾವೇರಿಯ ಆ ಸಾಲುಗಳನ್ನು ಮತ್ತೆ ಓಡಿಸಿದಳು. ನಾನು ಹೋಗಿ ಹೋಗಿ ಅದೇ ಜಾಗಗಳಲ್ಲಿ ನಿಂತೆ. ನಾನು ಎಲ್ಲೆಲ್ಲಿ ನಿಂತೆ ಎಂದು ನೋಡಿಕೊಂಡು, ಟೈಪಿಸ್ಟನ ಮೇಜಿನಿಂದ ತಪ್ಪಿನ ಮೇಲೆ ಬಳಿಯುವ ವೈಟ್‌ನರ್ ಬಾಟಲಿ ತೆಗೆದುಕೊಂಡು ಗೋಡೆಯ ಹತ್ತಿರ ಹೋದಳು. ಸ್ಟೂಲ್ ಎಳೆದು ಹತ್ತಿದಳು. ಪ್ಲಾಸ್ಟಿಕ್ ಹೊದಿಸಿದ ಆ ಕೆಂಪು ನೀಲಿ ನಕ್ಷೆಯ ಮೇಲೆ, ಮಾಸಿದ ಕುಂಕುಮದ ಚುಕ್ಕೆಯ ಪಶ್ಚಿಮಕ್ಕೆ, ದಕ್ಷಿಣದಿಂದ ಉತ್ತರಕ್ಕೆ ಬಿಳಿ ಬಳಿಯುತ್ತಾ ಬಂದಳು.

ಊಟ ಮಾಡುತ್ತಿದ್ದವರ ಕೈಗಳು ಬಾಯಿಯ ಹತ್ತಿರವೇ ನಿಂತವು. "ಏನ್ ಮಾಡಾಕತ್ತೀರಿ ಮೇಡಂ?" ಎಂದು ಆಪರೇಟರ್ ಕೇಳಿದ.

"ಬಿಟ್ಟು ಹೋಗಿತ್ತು. ಹಾಕಾಕತ್ತೀನಿ," ಎಂದಳು.

ಗದ್ದಲ ನಿಂತದ್ದು ತಿಳಿದು ಉಳ್ಳಾಗಡ್ಡಿ ತನ್ನ ಕೋಣೆಯಿಂದ ಹೊರಗೆ ಬಂದ. ಗೋಡೆ ನೋಡಿದ, ಸ್ಟೂಲಿನ ಮೇಲಿದ್ದವಳನ್ನು ನೋಡಿದ.

"ಎಲ್ಲಾರ ಮುಂದ ನನ್ನ ನಕ್ಷೆ ಹಾಳ ಮಾಡಿದ್ಯಲ್ಲವಾ."

"ನಿಮ್ಮ ನಕ್ಷೆ ಅಲ್ರಿ ಸರ್. ಮೂಲ್ಯಾಗ ನನ್ನ ಹೆಸರೈತಿ." ಬಳಿಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ಅದು ನಿಂತಿತ್ರಿ. ನಾವ ನಿಲ್ಲಾಕ ಬಿಡ್ಲಿಲ್ಲ. ಅವತ್ತ ಗಿರಾಕಿ ಮುಂದ ಹೇಳಬೇಕಾಗಿತ್ತು, ನನಗ ಧೈರ್ಯ ಆಗ್ಲಿಲ್ಲ."

ಉಳ್ಳಾಗಡ್ಡಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಆ ನಕ್ಷೆಯನ್ನು ಗೋಡೆಯಿಂದ ಇಳಿಸಿ ಎಂದು ಅವನು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಹೊಸ ಕೆಲಸದಲ್ಲಿ ಬಿಳಿ ಜಾಗ ಹಾಗೇ ಇರಲಿ ಎಂದೂ ಹೇಳಲಿಲ್ಲ.

ಫೈಲುಗಳ ನಕಲು ಇವತ್ತು ಮುಗಿಯಿತು. ಹಳೆಯ ಸಾಮಾನು ಕೊಳ್ಳುವವನು ಕೆಳಗೆ ಗಾಡಿ ನಿಲ್ಲಿಸಿಕೊಂಡಿದ್ದಾನೆ, ಆಪರೇಟರ್ ಸ್ವಿಚ್ಚಿನ ಕಡೆ ಬರುತ್ತಿದ್ದಾನೆ. ಇಷ್ಟು ವರ್ಷ ದುಡಿದು ನಾನು ತುಂಬಿಸಿದ ನಕ್ಷೆಗಳು ಗೋಡೆಯ ತುಂಬ ಇವೆ. ಅವುಗಳಲ್ಲಿ ಯಾವ ಕೆಂಪೂ ನನ್ನದಲ್ಲ, ಯಾವ ನೀಲಿಯೂ ನನ್ನದಲ್ಲ. ಅಂಕುಡೊಂಕಾಗಿ ಒಣಗಿದ ಆ ಒಂದು ಬಿಳಿ ಪಟ್ಟಿ ಇದೆಯಲ್ಲ, ಅದು ನನ್ನದು.